ಐವಿಎಫ್ ಕೈಗೂಡಲಿಲ್ಲ. ಮತ್ತೆ ಪ್ರಯತ್ನ ಎಲ್ಲಿಂದ ಶುರು ಮಾಡೋದು?

ನೀಲಿಹಕ್ಕಿ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬೇರೆಯವರು ಬರೆದಿದ್ದನ್ನ ಓದ್ತಾ ಇದ್ದೆ, ಈಗ ನಾನೇ ಕೇಳೋ ಹಾಗಾಗಿದೆ.

ನನಗೆ 36, ನಮ್ಮನೆಯವರಿಗೆ 39. ಟ್ಯೂಬ್ ಎರಡೂ ಓಪನ್ ಇವೆ, ಎಎಂಎಚ್ (ಎಗ್ ಎಷ್ಟು ಉಳಿದಿವೆ ಅಂತ ಅಂದಾಜು ಕೊಡೋ ರಕ್ತ ಪರೀಕ್ಷೆ) 1.6, ಅವರ ಸೀಮೆನ್ ರಿಪೋರ್ಟ್ ನಾರ್ಮಲ್. ಫೈಲ್ ಮೇಲೆ ‘ಅನ್‌ಎಕ್ಸ್‌ಪ್ಲೇನ್ಡ್’ ಅಂತ ಬರೆದಿದ್ದಾರೆ, ಅಂದ್ರೆ ಕಾರಣ ಗೊತ್ತಾಗಿಲ್ಲ. ಮೊದಲು ಐಯುಐ (ವೀರ್ಯಾಣುವನ್ನ ನೇರ ಗರ್ಭಕೋಶಕ್ಕೆ ಬಿಡೋದು) ಮಾಡಿಸಿದ್ವಿ, ನಿಲ್ಲಲಿಲ್ಲ. ಆಮೇಲೆ ಐವಿಎಫ್, ಅಂದ್ರೆ ಎಗ್ ಹೊರಗೆ ತೆಗೆದು, ಲ್ಯಾಬಲ್ಲಿ ಎಂಬ್ರಿಯೊ (ಭ್ರೂಣ) ಬೆಳೆಸಿ ಗರ್ಭಕೋಶಕ್ಕೆ ಟ್ರಾನ್ಸ್‌ಫರ್ ಮಾಡೋದು. ಫ್ರೆಶ್ ಟ್ರಾನ್ಸ್‌ಫರ್ ನೆಗೆಟಿವ್ ಬಂತು. ಫ್ರೋಜನ್ ಟ್ರಾನ್ಸ್‌ಫರ್‌ನಲ್ಲಿ ಬೀಟಾ (ಗರ್ಭ ನಿಂತಿದೆಯಾ ಅಂತ ನೋಡೋ ರಕ್ತ ಪರೀಕ್ಷೆ) 38 ಬಂದಿತ್ತು, ಅಮ್ಮನಿಗೆ ಫೋನ್ ಮಾಡಿ ಹೇಳಿಯೂ ಆಗಿತ್ತು. ಎರಡು ದಿನ ಬಿಟ್ಟು ನೋಡಿದ್ರೆ 14. ಆಮೇಲೆ ಮುಟ್ಟಾಯ್ತು. ಫ್ರೀಜ್ ಮಾಡಿಟ್ಟ ಎಂಬ್ರಿಯೊ ಇನ್ನು ಯಾವುದೂ ಇಲ್ಲ.

ರಾತ್ರಿ ಒಂಬತ್ತಕ್ಕೆ ಇಂಜೆಕ್ಷನ್‌ಗೆ ಅಂತ ಇಟ್ಟಿದ್ದ ಅಲಾರಂ ಈಗಲೂ ಹೊಡೆಯುತ್ತೆ. ನಾನೂ ತೆಗೆದಿಲ್ಲ, ಅವರೂ ತೆಗೆದಿಲ್ಲ. ಹೊಡೆದಾಗ ಇಬ್ಬರೂ ಟೀವಿ ಕಡೆ ನೋಡ್ತಾ ಕೂತಿರ್ತೀವಿ. ಪ್ರೊಜೆಸ್ಟರಾನ್ ಚುಚ್ಚಿಸಿಕೊಂಡ ಕಡೆ ಸೊಂಟದ ಕೆಳಗೆ ಗಂಟುಗಳು ಇನ್ನೂ ಕೈಗೆ ಸಿಗ್ತವೆ, ಬಲಕ್ಕೆ ಮಲಗಿದ್ರೆ ನೋಯುತ್ತೆ.

ಡಾಕ್ಟರ್ “ಇನ್ನೊಂದು ಸೈಕಲ್ ಮಾಡೋಣ, ಅಷ್ಟರಲ್ಲಿ ನೀವೂ ಮನೇಲಿ ಟ್ರೈ ಮಾಡ್ತಿರಿ” ಅಂದ್ರು. ಇಷ್ಟೆಲ್ಲ ಮಾಡಿದ್ರೂ ನಿಲ್ಲದೇ ಇದ್ದದ್ದು ಮನೇಲಿ ಹೇಗೆ ನಿಲ್ಲುತ್ತೆ? ನಿಜವಾಗಲೂ ಸಾಧ್ಯತೆ ಇದೆಯಾ, ಅಥವಾ ನಮ್ಮ ಸಮಾಧಾನಕ್ಕೆ ಹೇಳಿದ್ದಾ? ಮುಂದಿನ ಸೈಕಲ್‌ಗೆ ಎಷ್ಟು ಕಾಯಬೇಕು? ಇಆರ್‌ಎ (ಟ್ರಾನ್ಸ್‌ಫರ್‌ಗೆ ಸರಿಯಾದ ಸಮಯ ಹುಡುಕೋ ಟೆಸ್ಟ್), ಸ್ಕ್ರ್ಯಾಚಿಂಗ್ (ಗರ್ಭಕೋಶದ ಒಳಪದರವನ್ನ ಸ್ವಲ್ಪ ಕೆರೆಯೋದು), ಇಮ್ಯೂನ್ ಪ್ಯಾನೆಲ್ (ರೋಗನಿರೋಧಕ ಶಕ್ತಿಯ ಟೆಸ್ಟ್‌ಗಳು) ಅಂತ ದೊಡ್ಡ ಪಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ಯಾವುದು ಬೇಕು ಯಾವುದು ಬೇಡ ಗೊತ್ತಾಗ್ತಿಲ್ಲ.

ಇನ್ನೊಂದು ಮಾತು, ಯಾರ ಹತ್ರವೂ ಕೇಳಿಲ್ಲ. ಟ್ರಾನ್ಸ್‌ಫರ್ ಆದ ಮೂರನೇ ದಿನ ಲಿಫ್ಟ್ ಕೆಟ್ಟಿತ್ತು ಅಂತ ಮೆಟ್ಟಿಲು ಹತ್ತಿದ್ದೆ. ಅತ್ತಿಗೆ “ನೀನು ಟೆನ್ಷನ್ ಜಾಸ್ತಿ ಮಾಡ್ಕೋತೀಯ, ಅದಕ್ಕೇ ಹೀಗೆ” ಅಂತಾರೆ. ಅದರಿಂದ ಹೋಗಿರಬಹುದಾ? ದಯವಿಟ್ಟು ಮುಚ್ಚುಮರೆ ಇಲ್ಲದೆ ಹೇಳಿ.

ಹೊಂಗೆನೆರಳು:

ನೀಲಿಹಕ್ಕಿ, ಆ 38, 14 ಓದಿ ಕರುಳು ಚುರ್ ಅಂತು. ಪೂರ್ತಿ ನೆಗೆಟಿವ್ ಬಂದರೆ ಒಂದು ಥರ, ಬಂದು ಹೋದರೆ ಇನ್ನೊಂದು ಥರ. “ಬರೀ ಕೆಮಿಕಲ್ ಪ್ರೆಗ್ನೆನ್ಸಿ ತಾನೆ” (ಪರೀಕ್ಷೆಯಲ್ಲಿ ಕಂಡು ಬೇಗನೇ ಹೋಗುವ ಗರ್ಭ) ಅನ್ನುವವರಿಗೆ ಉತ್ತರ ಕೊಡೋದಕ್ಕೆ ಹೋಗಬೇಡಿ. ನೀವು ಕಳೆದುಕೊಂಡಿದ್ದು ಕಳೆದುಕೊಂಡಿದ್ದೇ.

ನನಗೀಗ 42. ನಿಮ್ಮ ವಯಸ್ಸಲ್ಲಿ ನಾನೂ ಇದೇ ಜಾಗದಲ್ಲಿ ನಿಂತಿದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೆಟ್ಟಿಲಿನ ವಿಷಯ ಮೊದಲು, ಯಾಕಂದರೆ ರಾತ್ರಿ ನಿದ್ದೆ ಕೆಡಿಸೋದು ಅದೇ. ಮೆಟ್ಟಿಲು ಹತ್ತಿದ್ದರಿಂದ ಹೋಗಲಿಲ್ಲ. ಟ್ರಾನ್ಸ್‌ಫರ್ ಆದ ಮೇಲೆ ಮಲಗೇ ಇದ್ದವರನ್ನೂ ಎದ್ದು ಓಡಾಡಿದವರನ್ನೂ ಹೋಲಿಸಿ ನೋಡಿದ್ದಾರೆ, ಮಲಗಿದ್ದರಿಂದ ಯಾವ ಲಾಭವೂ ಕಂಡಿಲ್ಲ. ಗರ್ಭಕೋಶದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡೇ ಇರ್ತವೆ, ಎಂಬ್ರಿಯೊ ಜಾರಿ ಬೀಳೋದಕ್ಕೆ ಅಲ್ಲಿ ಖಾಲಿ ಜಾಗವೇ ಇಲ್ಲ.

ಟೆನ್ಷನ್ ಕೂಡ ಹಾಗೇ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ್ದು ಬಂತು, 3,583 ಹೆಂಗಸರು. ಚಿಕಿತ್ಸೆಗೆ ಮುಂಚೆ ಆತಂಕ, ಬೇಸರ ಎಷ್ಟಿತ್ತು ಅನ್ನೋದಕ್ಕೂ ಆ ಸೈಕಲ್‌ನಲ್ಲಿ ಗರ್ಭ ನಿಂತಿತೇ ಇಲ್ಲವೇ ಅನ್ನೋದಕ್ಕೂ ಸಂಬಂಧ ಸಿಗಲಿಲ್ಲ. ನಿಮ್ಮ ಅತ್ತಿಗೆಗೆ ಇದನ್ನ ಓದಿ ಹೇಳಿ ಅಂತ ಅಲ್ಲ, ನೀವು ನಂಬಿ ಅಂತ ಬರೆದೆ. ಟೆನ್ಷನ್ ಕಡಿಮೆ ಮಾಡಿಕೊಳ್ಳೋದು ಒಳ್ಳೇದೇ, ನಿಮ್ಮ ನೆಮ್ಮದಿಗೋಸ್ಕರ. ಮಗು ಆಗಲಿಲ್ಲ ಅನ್ನೋ ಭಾರದ ಮೇಲೆ ‘ನನ್ನಿಂದಲೇ ಆಗಲಿಲ್ಲ’ ಅನ್ನೋ ಭಾರವನ್ನೂ ಹೊರಿಸುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಯಾಕೆ ಹೋಯ್ತು? ನಿಮ್ಮದು ಅಂಟಿಕೊಂಡು ಆಮೇಲೆ ನಿಂತಿದೆ. ಇಷ್ಟು ಬೇಗ ನಿಲ್ಲುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಎಂಬ್ರಿಯೊದಲ್ಲಿ ಕ್ರೋಮೋಸೋಮ್ ಲೆಕ್ಕ ತಪ್ಪಿರೋದು. 35ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಎಂಬ್ರಿಯೊ ಹೀಗಿರುತ್ತೆ, 40 ದಾಟಿದ ಮೇಲೆ ಅರ್ಧಕ್ಕಿಂತ ಜಾಸ್ತಿ. ಅದು ನಿಮ್ಮ ಹೊಟ್ಟೆ ಸೇರುವ ಮುಂಚೆಯೇ ಆಗಿಹೋಗಿರುವ ವಿಷಯ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಇನ್ನೊಂದು ಸೈಕಲ್ ಮಾಡಬೇಕಾ ಬೇಡವಾ ಅಂತ ತೀರ್ಮಾನ ಮಾಡೋ ಮುಂಚೆ, ಹೋದ ಸಲ ಯಾವ ಹಂತದಲ್ಲಿ ನಿಂತಿತು ಅನ್ನೋದನ್ನ ತಿಳ್ಕೊಳ್ಳಿ. ‘ಫೇಲ್ ಆಯ್ತು’ ಅನ್ನೋ ಒಂದೇ ಮಾತಿನ ಒಳಗೆ ಬೇಕಾದಷ್ಟು ಇರುತ್ತೆ. ಎಗ್ ಕಡಿಮೆ ಬಂದ್ವಾ? ಬಂದರೂ ಬಲಿತಿರಲಿಲ್ವಾ? ಬಲಿತರೂ ಫರ್ಟಿಲೈಸ್ ಆಗಲಿಲ್ವಾ? ಆದರೂ ಐದನೇ ದಿನದವರೆಗೆ ಬೆಳೀಲಿಲ್ವಾ? ಬೆಳೆದರೂ ಅಂಟಿಕೊಳ್ಳಲಿಲ್ವಾ? ಒಂದೊಂದಕ್ಕೂ ದಾರಿ ಬೇರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದು ಸಿಗೋದಿಲ್ಲ. ಎಂಬ್ರಿಯಾಲಜಿ ಶೀಟ್ ಅಂತ ಲ್ಯಾಬ್‌ನಲ್ಲಿ ಬೇರೆ ಇರುತ್ತೆ, ಜೊತೆಗೆ ದಿನದಿನದ ಡೋಸ್, ಸ್ಕ್ಯಾನ್ ಅಳತೆ ಬರೆದ ಸ್ಟಿಮ್ಯುಲೇಶನ್ ಚಾರ್ಟ್. ಎರಡರ ಕಾಪಿಯೂ ಕೇಳಿ ತಗೊಳ್ಳಿ. ಅದು ನಿಮ್ಮದೇ ದಾಖಲೆ, ಕೇಳೋದಕ್ಕೆ ಸಂಕೋಚ ಬೇಡ.

ನನ್ನ ವಿಷಯ ಹೇಳ್ತೀನಿ. ಎಗ್ ಸಾಕಷ್ಟು ಸಿಕ್ಕಿವೆ, ಎಲ್ಲ ಚೆನ್ನಾಗಿದೆ, ಅದೃಷ್ಟ ಇರಲಿಲ್ಲ ಅಷ್ಟೇ ಅಂತ ಹೇಳಿ ಕಳಿಸಿದ್ದರು. ಶೀಟ್ ಕೈಗೆ ಬಂದಾಗ ‘ಎಂ2’ ಅನ್ನೋ ಒಂದು ಕಾಲಂ ಇತ್ತು, ಅಂದರೆ ಬಲಿತ ಎಗ್. ಸಿಕ್ಕಿದ್ದರಲ್ಲಿ ಅರ್ಧವೂ ಬಲಿತಿರಲಿಲ್ಲ. ಬೇರೆ ಡಾಕ್ಟರ ಹತ್ತಿರ ಎರಡನೇ ಅಭಿಪ್ರಾಯಕ್ಕೆ ಹೋದಾಗ ಅವರು ಆ ಕಾಲಂ ಮೇಲೆ ಪೆನ್ ಇಟ್ಟು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಎಗ್ ಬಲಿಯೋದಕ್ಕೆ ಕೊನೆಗೆ ಕೊಡೋ ಟ್ರಿಗರ್ ಇಂಜೆಕ್ಷನ್‌ನ ಬಗೆಯನ್ನೂ ಸಮಯವನ್ನೂ ಬದಲಾಯಿಸೋಣ ಅಂದರು. ಹಿಸ್ಟರೋಸ್ಕೋಪಿಯಲ್ಲಿ (ಗರ್ಭಕೋಶದ ಒಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡೋದು) ಒಂದು ಸಣ್ಣ ಪಾಲಿಪ್, ಅಂದರೆ ಒಳಪದರದ ಗಂಟು, ಸಿಕ್ಕಿತು, ಅದನ್ನೂ ತೆಗೆದರು. ಮುಂದಿನ ಎಗ್ ಪಿಕಪ್‌ನಲ್ಲಿ ಬಲಿತ ಎಗ್ ಜಾಸ್ತಿ ಬಂದವು. ಮಗಳಿಗೆ ಈಗ ನಾಲ್ಕು ವರ್ಷ. ಇವಳಿಗೆ ಆಯ್ತಲ್ಲ, ನನಗೂ ಆಗುತ್ತೆ ಅಂತ ಇದನ್ನ ಓದಬೇಡಿ. ನನ್ನ ಜೊತೆ ಅದೇ ವರಾಂಡದಲ್ಲಿ ಕೂತಿದ್ದ, ನನಗಿಂತ ಚಿಕ್ಕ ವಯಸ್ಸಿನ ಗೆಳತಿಗೆ ಎಲ್ಲ ಸರಿ ಮಾಡಿದರೂ ಆಗಲಿಲ್ಲ. ನನ್ನ ಕಥೆಯಲ್ಲಿ ನಿಮಗೆ ಉಪಯೋಗಕ್ಕೆ ಬರೋದು ಆ ಕಾಲಂ ಮಾತ್ರ.

ಟೆಸ್ಟ್ ಪಟ್ಟಿ ಬಗ್ಗೆ. ಗರ್ಭಕೋಶದ ಒಳಗೆ ಪಾಲಿಪ್, ಫೈಬ್ರಾಯ್ಡ್, ಅಂಟು ಏನಾದರೂ ಇದೆಯಾ ಅಂತ ಸರಿಯಾಗಿ ನೋಡಿಸಿ. ಟ್ಯೂಬ್‌ನಲ್ಲಿ ನೀರು ತುಂಬಿಕೊಂಡಿದ್ದರೆ, ಅಂದರೆ ಹೈಡ್ರೋಸಾಲ್ಪಿಂಕ್ಸ್ ಇದ್ದರೆ, ಐವಿಎಫ್ ಯಶಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ, ಅಂಥ ಟ್ಯೂಬ್ ತೆಗೆದರೆ ಅಥವಾ ಮುಚ್ಚಿದರೆ ಸುಧಾರಿಸುತ್ತೆ. ನಿಮ್ಮದು ಓಪನ್ ಅಂದಿದ್ದೀರಿ, ಆದರೆ ಆ ಟೆಸ್ಟ್ ಮಾಡಿಸಿ ಎಷ್ಟು ಕಾಲ ಆಯ್ತು ಅಂತ ನೋಡಿಕೊಳ್ಳಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಶುಗರ್ ಹೊಸದಾಗಿ ನೋಡಿಸಿ. ಸಲಸಲಕ್ಕೂ ಹೀಗೇ ಆಗುತ್ತಿದ್ದರೆ ಇಬ್ಬರ ಕ್ಯಾರಿಯೋಟೈಪ್ (ಕ್ರೋಮೋಸೋಮ್ ಪರೀಕ್ಷೆ), ನಿಮಗೆ ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ (ರಕ್ತ ಹೆಪ್ಪುಗಟ್ಟಿಸುವ ಆಂಟಿಬಾಡಿ) ಟೆಸ್ಟ್ ಬೇಕಾ ಅಂತ ಕೇಳಿ.

ಸ್ಕ್ರ್ಯಾಚಿಂಗ್ ನಾನಾಗಿದ್ದರೆ ಮಾಡಿಸುತ್ತಿರಲಿಲ್ಲ. 2019ರಲ್ಲಿ 1,364 ಹೆಂಗಸರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಮಾಡಿಸಿಕೊಂಡವರಿಗೂ ಮಾಡಿಸಿಕೊಳ್ಳದವರಿಗೂ ಮಗು ಹುಟ್ಟಿದ ಪ್ರಮಾಣ ಒಂದೇ, ಸುಮಾರು ನೂರಕ್ಕೆ 26. ಇಆರ್‌ಎ ಮಾಡಿ ಟ್ರಾನ್ಸ್‌ಫರ್ ಸಮಯ ಬದಲಿಸಿದ್ದರಿಂದಲೂ ಹೆಚ್ಚು ಮಕ್ಕಳು ಹುಟ್ಟಲಿಲ್ಲ ಅಂತ 2022ರಲ್ಲಿ ಬಂದಿದೆ. ಇಮ್ಯೂನ್ ಪ್ಯಾನೆಲ್, ಇಂಟ್ರಾಲಿಪಿಡ್ ಅನ್ನೋ ಕೊಬ್ಬಿನ ದ್ರವದ ಡ್ರಿಪ್, ಇವನ್ನೆಲ್ಲ ರೂಢಿಯಾಗಿ ಕೊಡಬೇಡಿ ಅಂತ ಯುರೋಪಿನ ತಜ್ಞರ ಸಂಘ ಎಶ್ರೆ 2023ರಲ್ಲಿ ಹೇಳಿದೆ. ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: “ಇದರಲ್ಲಿ ಏನಾದರೂ ಸಿಕ್ಕಿದರೆ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ?” ಸರಿಯಾದ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ತಂಗಾಳಿ:

ಅಕ್ಕ, ನಮ್ಮ ಚಿಕ್ಕಮ್ಮನ ಮಗಳಿಗೆ ಐವಿಎಫ್ ಕೈಗೂಡದೆ, ಎಲ್ಲ ಬಿಟ್ಟು ಸುಮ್ಮನಿದ್ದಾಗ ತಾನಾಗೇ ಆಯ್ತು. ಅದಕ್ಕೇ ನಿಮ್ಮ ಡಾಕ್ಟರ್ ಹೇಳಿದ್ದು ಸುಳ್ಳು ಸಮಾಧಾನ ಅಂತ ನನಗೆ ಅನ್ನಿಸಲ್ಲ. ಯಾರಿಗೆ ಆಗುತ್ತೆ ಯಾರಿಗೆ ಆಗಲ್ಲ ಅನ್ನೋದನ್ನ ಗೊತ್ತಿದ್ದವರು ಹೇಳಿ.

ಹೊಂಗೆನೆರಳು:

ತಂಗಾಳಿ, ಒಳ್ಳೇ ಪ್ರಶ್ನೆ. ಫ್ರಾನ್ಸ್‌ನಲ್ಲಿ ಐವಿಎಫ್ ಮಾಡಿಸಿದ ಎರಡು ಸಾವಿರಕ್ಕೂ ಹೆಚ್ಚು ದಂಪತಿಗಳನ್ನ ಎಷ್ಟೋ ವರ್ಷ ಆದ ಮೇಲೆ ಮತ್ತೆ ವಿಚಾರಿಸಿದ ಅಧ್ಯಯನ 2012ರಲ್ಲಿ ಪ್ರಕಟ ಆಗಿದೆ. ಐವಿಎಫ್‌ನಲ್ಲಿ ಮಗು ಆಗದೇ ಇದ್ದವರಲ್ಲಿ ನೂರಕ್ಕೆ 24 ಜೋಡಿಗೆ ಆಮೇಲೆ ತಾನಾಗಿ ಮಗು ಆಗಿತ್ತು. ಬಹಳ ವರ್ಷಗಳ ಅವಧಿಯ ಲೆಕ್ಕ ಇದು, ಒಂದೆರಡು ತಿಂಗಳದ್ದಲ್ಲ. ವಯಸ್ಸು ಕಡಿಮೆ ಇದ್ದವರಿಗೆ, ಕಾರಣ ಗೊತ್ತಾಗದವರಿಗೆ ಈ ಸಾಧ್ಯತೆ ಹೆಚ್ಚು. ಎರಡೂ ಟ್ಯೂಬ್ ಮುಚ್ಚಿದ್ದರೆ, ವೀರ್ಯದಲ್ಲಿ ವೀರ್ಯಾಣು ಇಲ್ಲವೇ ಇಲ್ಲ ಅಂದರೆ, ಮನೆಯಲ್ಲಿ ಪ್ರಯತ್ನ ಮಾಡಿ ಅಂತ ಹೇಳೋದು ಆ ದಂಪತಿಗಳ ಕಾಲ ಹಾಳು ಮಾಡಿದ ಹಾಗೆ.

ನೀಲಿಹಕ್ಕಿ ಅವರ ಟ್ಯೂಬ್ ಓಪನ್, ಸೀಮೆನ್ ನಾರ್ಮಲ್, ಮುಟ್ಟು ಬರ್ತಿದೆ. ಬಾಗಿಲು ಮುಚ್ಚಿಲ್ಲ. ಆದರೆ 36ಕ್ಕೆ ‘ನೋಡೋಣ’ ಅಂತ ವರ್ಷಗಟ್ಟಲೆ ಬಿಡೋದು ಬೇಡ. ಹೊಸದಾಗಿ ಎಗ್ ಬೆಳೆಸೋ ಮುಂಚೆ ಒಂದೋ ಎರಡೋ ಮುಟ್ಟು ಕಳೀಲಿ ಅಂತ ಸಾಮಾನ್ಯವಾಗಿ ಹೇಳ್ತಾರೆ, ಅಷ್ಟರಲ್ಲಿ ಓವರಿ ಮಾಮೂಲು ಗಾತ್ರಕ್ಕೆ ಬರುತ್ತೆ. ಆ ಬಿಡುವಿನಲ್ಲಿ ಟೆಸ್ಟ್, ಎರಡನೇ ಅಭಿಪ್ರಾಯ, ಮನೆಯ ಪ್ರಯತ್ನ ಮೂರೂ ಜೊತೆಜೊತೆಗೇ ನಡೀಲಿ. ಮನೆಯ ಪ್ರಯತ್ನವನ್ನ ಎಲ್ಲಿಯವರೆಗೆ ಅಂತ ಇಬ್ಬರೂ ಕೂತು ಒಂದು ಗಡುವು ಇಟ್ಟುಕೊಳ್ಳಿ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ನಿಲ್ಲಿಸಬೇಡಿ.

ದೂರದದಾರಿ:

ನಾನು ಗಂಡಸು. ಹೆಂಗಸರೇ ಮಾತಾಡುತ್ತಿರುವ ಕಡೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ ಅಮ್ಮ. ಆ ಅಲಾರಂ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಿಮ್ಮ ಯಜಮಾನರು ಟೀವಿ ಕಡೆ ನೋಡುತ್ತಿರುವುದು ನೋವಿಲ್ಲ ಅಂತಲ್ಲ. ಚಿಕಿತ್ಸೆ ಪೂರ್ತಿ ನಮ್ಮ ಕೈಗೆ ಬರುವ ಕೆಲಸ ಫೈಲ್ ಹಿಡಿದುಕೊಳ್ಳುವುದು, ಬಿಲ್ ಕಟ್ಟುವುದು, ಸೂಜಿ ಚುಚ್ಚುವುದು. ಚುಚ್ಚಿದಾಗ ಅವಳು ಹಲ್ಲು ಕಚ್ಚುವುದನ್ನು ನೋಡುವುದು. ಕೊನೆಗೆ ಆಗಲಿಲ್ಲ ಅಂದಾಗ ಎಲ್ಲರೂ ಅವಳನ್ನು ವಿಚಾರಿಸುತ್ತಾರೆ, ಗಂಡಸನ್ನು ಕೇಳುವವರಿಲ್ಲ. ಅಳುವುದಕ್ಕೆ ನಾನು ಕಾರಿನೊಳಗೆ ಕೂರುತ್ತಿದ್ದೆ. ನೀವು ಮೊದಲು ಮಾತು ತೆಗೆಯಿರಿ. “ಆ ಅಲಾರಂ ತೆಗೆಯೋಣ್ವಾ?” ಅಂತ ಕೇಳಿದರೂ ಸಾಕು.

ಅವರ ಪಾಲಿಗೂ ಕೆಲಸ ಇದೆ ಅಂತ ಹೇಳಿ. ಒಂದು ವೀರ್ಯಾಣು ತಯಾರಾಗುವುದಕ್ಕೆ ಎರಡೂವರೆ ತಿಂಗಳ ಹತ್ತಿರ ಹಿಡಿಯುತ್ತದೆ, ಹಾಗಾಗಿ ಇವತ್ತು ಸಿಗರೇಟು ಬಿಟ್ಟರೆ ಫಲ ಕಾಣುವುದು ಮೂರು ತಿಂಗಳ ಮೇಲೆ. ಜೋರು ಜ್ವರ ಬಂದಿದ್ದರೂ ಕೌಂಟ್ ಕೆಲವು ವಾರ ಇಳಿದಿರುತ್ತದೆ. ‘ನಾರ್ಮಲ್’ ಅಂದರೆ ಏನು ಅಂತಲೂ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಂದು ಮಿಲಿಲೀಟರಿಗೆ 160 ಲಕ್ಷ ವೀರ್ಯಾಣು ಅನ್ನುವುದು ಕೆಳಗಿನ ಗೆರೆ. ಗೆರೆಯ ಹತ್ತಿರ ಇರುವುದೂ ದೂರ ಮೇಲಿರುವುದೂ ರಿಪೋರ್ಟಿನಲ್ಲಿ ಒಂದೇ ಮಾತಿನಲ್ಲಿ ಬಂದುಬಿಡುತ್ತದೆ. ಹಳೆಯ ರಿಪೋರ್ಟಾದರೆ ಮತ್ತೊಮ್ಮೆ ಮಾಡಿಸಲಿ, ಡಿಎನ್‌ಎ ಫ್ರ್ಯಾಗ್ಮೆಂಟೇಶನ್ (ವೀರ್ಯಾಣುವಿನ ಡಿಎನ್‌ಎ ತುಂಡಾಗಿದೆಯೇ ಅನ್ನುವುದು) ನೋಡಿಸಬೇಕಾ ಅಂತ ಅವರೇ ಡಾಕ್ಟರನ್ನು ಕೇಳಲಿ.

ಮನೆಯ ಪ್ರಯತ್ನದ ಬಗ್ಗೆ: ವೀರ್ಯಾಣು ಒಳಗೆ ಐದು ದಿನದವರೆಗೆ ಜೀವಂತ ಇರಬಲ್ಲದು, ಅಂಡಾಣುವಿಗೆ ಹೆಚ್ಚೆಂದರೆ ಒಂದು ದಿನ. ಅದಕ್ಕೆ ಅಂಡಾಣು ಹೊರಬೀಳುವ ಮುಂಚಿನ ದಿನಗಳೇ ಮುಖ್ಯ. ಮೂತ್ರದಲ್ಲಿ ನೋಡುವ ಎಲ್‌ಎಚ್ ಹಾರ್ಮೋನ್ ಪಟ್ಟಿಯಲ್ಲಿ ಗೆರೆ ಮೂಡಿದ ಮೇಲೆ ಅಂಡಾಣು ಹೊರಬೀಳಲು ಒಂದರಿಂದ ಒಂದೂವರೆ ದಿನ ಇರುತ್ತದೆ. ಆದರೆ ನಮಗೆ ಆ ಪಟ್ಟಿಗಳೇ ಹಿಂಸೆ ಆಗಿದ್ದವು, “ಇವತ್ತೇ ಆಗಬೇಕು” ಅನ್ನುವ ರಾತ್ರಿಗಳಲ್ಲಿ ಇಬ್ಬರಿಗೂ ಆಗುತ್ತಿರಲಿಲ್ಲ. ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಆ ದಿನಗಳು ತಾವಾಗಿಯೇ ಒಳಗೆ ಬರುತ್ತವೆ ಅಂತ ಡಾಕ್ಟರ್ ಹೇಳಿದ ಮೇಲೆ ಕ್ಯಾಲೆಂಡರ್ ತೆಗೆದಿಟ್ಟೆವು. ನಮಗೆ ಮಗು ಆಗಲಿಲ್ಲ, ಕೊನೆಗೆ ಸಾಕು ಅಂತ ನಾವೇ ನಿಲ್ಲಿಸಿದೆವು. ಆದರೆ ಆ ಕೊನೆಯ ವರ್ಷ ನಾವು ಮತ್ತೆ ಗಂಡ ಹೆಂಡತಿ ಆಗಿದ್ದೆವು, ಅದು ನನಗೆ ದೊಡ್ಡದು.

ನೀಲಿಹಕ್ಕಿ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ದೂರದದಾರಿ ಅವರೇ, ನೀವು ಬರೆದಿದ್ದನ್ನ ಫೋನ್ ಕೊಟ್ಟು ಅವರ ಕೈಲೇ ಓದಿಸಿದೆ. ಓದಿ ಎದ್ದು ಹೋದ್ರು. ಸ್ವಲ್ಪ ಹೊತ್ತಾದ ಮೇಲೆ ಬಂದು “ಸೀಮೆನ್ ಟೆಸ್ಟ್ ಯಾವತ್ತು ಮಾಡಿಸಿದ್ದು, ರಿಪೋರ್ಟ್ ಎಲ್ಲಿದೆ” ಅಂತ ಕೇಳಿದ್ರು. ಎಷ್ಟೋ ದಿನಗಳ ಮೇಲೆ ಅವರಾಗೇ ಕೇಳಿದ ಮಾತು.

ಹೊಂಗೆನೆರಳು ಅಕ್ಕ, ಎಂಬ್ರಿಯಾಲಜಿ ಶೀಟ್ ಸಿಕ್ತು. ಮೊದಲು ಯಾಕೆ ಅಂತ ಕೇಳಿದ್ರು, ಆಮೇಲೆ ಕೊಟ್ರು. ಎಗ್ 9, ಎಂ2 7, ಫರ್ಟಿಲೈಸ್ ಆಗಿದ್ದು 5, ಬ್ಲಾಸ್ಟೋಸಿಸ್ಟ್ (ಐದನೇ ದಿನದವರೆಗೆ ಬೆಳೆದ ಎಂಬ್ರಿಯೊ) 2. ಒಂದು 4ಎಬಿ, ಇನ್ನೊಂದು 3ಬಿಬಿ. ಗರ್ಭಕೋಶದ ಒಳಪದರ (ಲೈನಿಂಗ್) 8.2 ಮಿಮೀ. ಐದರಲ್ಲಿ ಮೂರು ಲ್ಯಾಬಲ್ಲೇ ಹೋಗಿದ್ದಾವೆ ಅಂದ್ರೆ ಲ್ಯಾಬ್ ಸರಿ ಇಲ್ಲ ಅಂತಾನಾ? ಎ, ಬಿ ಅಂದ್ರೆ ಏನು? ಮುಂದಿನ ಸಲ ಪಿಜಿಟಿ (ಎಂಬ್ರಿಯೊದ ಕ್ರೋಮೋಸೋಮ್ ಪರೀಕ್ಷೆ) ಮಾಡಿಸಿದ್ರೆ ಒಳ್ಳೇದಾ?

ಬೆಳಗಿನಪಾಳಿ:

ನಾನು ಇಂಥದ್ದೇ ಲ್ಯಾಬ್‌ನಲ್ಲಿ ಎಂಬ್ರಿಯಾಲಜಿಸ್ಟ್. ನಿಮ್ಮ ಡಾಕ್ಟರ್ ಜಾಗದಲ್ಲಿ ನಿಂತು ಹೇಳಲಾರೆ, ಶೀಟ್ ಓದೋದು ಹೇಗೆ ಅಂತ ಹೇಳ್ತೀನಿ.

4ಎಬಿಯಲ್ಲಿ ಅಂಕಿ ಅಂದರೆ ಬ್ಲಾಸ್ಟೋಸಿಸ್ಟ್ ಎಷ್ಟು ಹಿಗ್ಗಿದೆ ಅನ್ನೋದು. ಮೊದಲ ಅಕ್ಷರ ಮುಂದೆ ಮಗುವಾಗುವ ಒಳಗಿನ ಗುಂಪಿಗೆ, ಎರಡನೆಯದು ಪ್ಲಸೆಂಟಾ ಆಗುವ ಹೊರಪದರಕ್ಕೆ. 4ಎಬಿ ಚೆನ್ನಾಗಿರುವ ಗ್ರೇಡು, 3ಬಿಬಿಯೂ ಕೆಟ್ಟದ್ದಲ್ಲ, ಬಿಬಿಯಿಂದ ಹುಟ್ಟಿದ ಮಕ್ಕಳು ಬೇಕಾದಷ್ಟಿದ್ದಾರೆ. ಗ್ರೇಡ್ ಕೊಡೋದು ಕಣ್ಣಿಗೆ ಕಂಡಿದ್ದಕ್ಕೆ. ಕ್ರೋಮೋಸೋಮ್ ಕಣ್ಣಿಗೆ ಕಾಣಲ್ಲ, ಎಎ ಇದ್ದದ್ದೂ ಒಳಗೆ ತಪ್ಪಾಗಿರಬಹುದು.

ಐದರಲ್ಲಿ ಎರಡು ಬ್ಲಾಸ್ಟೋಸಿಸ್ಟ್ ಆಗೋದು ಮಾಮೂಲು. ಒಳ್ಳೇ ಲ್ಯಾಬ್‌ಗಳಲ್ಲೂ ಫರ್ಟಿಲೈಸ್ ಆದವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಮೂರನೇ ದಿನದಿಂದ ಐದನೇ ದಿನದ ಒಳಗೆ ನಿಂತುಹೋಗ್ತವೆ. ಮೂರನೇ ದಿನದವರೆಗೆ ಎಗ್‌ನಲ್ಲಿ ಕೂಡಿಟ್ಟ ಬಲದ ಮೇಲೆ ಬೆಳೀತದೆ, ಆಮೇಲೆ ಎಂಬ್ರಿಯೊದ ಸ್ವಂತ ಜೀನ್‌ಗಳು ಕೆಲಸ ಶುರು ಮಾಡಬೇಕು, ತುಂಬಾ ಎಂಬ್ರಿಯೊಗಳು ಎಡವೋದು ಅಲ್ಲೇ. ಒಂಬತ್ತರಲ್ಲಿ ಏಳು ಬಲಿತಿರೋದು ಚೆನ್ನಾಗಿದೆ. ಲೈನಿಂಗ್ ಸಾಕಷ್ಟಿದೆ. ಹೊಂಗೆನೆರಳು ಅವರ ಶೀಟ್‌ನಲ್ಲಿ ಬೆರಳಿಟ್ಟು ತೋರಿಸುವ ಹಾಗೆ ಒಂದು ಕಾಲಂ ಇತ್ತು, ನಿಮ್ಮದರಲ್ಲಿ ಅಂಥದ್ದು ನನಗೆ ಕಾಣ್ತಿಲ್ಲ. ಅದು ಕೇಳೋದಕ್ಕೆ ಬೇಜಾರೇ, ಆದರೆ ದೊಡ್ಡ ಅಡ್ಡಿ ಏನೂ ಸಿಕ್ಕಿಲ್ಲ ಅಂತಲೂ ಅರ್ಥ.

ಪಿಜಿಟಿ ಎಂಬ್ರಿಯೊವನ್ನ ಒಳ್ಳೇದು ಮಾಡಲ್ಲ, ಇರೋದರಲ್ಲಿ ಆರಿಸುತ್ತೆ ಅಷ್ಟೇ. ಹೆಚ್ಚು ಬ್ಲಾಸ್ಟೋಸಿಸ್ಟ್ ಇದ್ದಾಗ ಮೊದಲು ಯಾವುದನ್ನ ಹಾಕಬೇಕು ಅಂತ ಗೊತ್ತಾಗುತ್ತೆ, ಅಬಾರ್ಷನ್ ನೋವು ಕೆಲವರಿಗೆ ತಪ್ಪುತ್ತೆ. ಎರಡೇ ಇದ್ದಾಗ ಲಾಭ ಕಡಿಮೆ.

ಮುಂದಿನ ಅಪಾಯಿಂಟ್‌ಮೆಂಟ್‌ಗೆ ಸ್ಟಿಮ್ಯುಲೇಶನ್ ಚಾರ್ಟ್ ಕೂಡ ತಗೊಂಡು ಹೋಗಿ. ಎಎಂಎಚ್ 1.6ಕ್ಕೆ ಒಂಬತ್ತು ಎಗ್ ಒಳ್ಳೇ ಸಂಖ್ಯೆ, ಅದಕ್ಕೇ ಡೋಸ್ ಸುಮ್ಮನೆ ಏರಿಸ್ತೀವಿ ಅಂದರೆ ಯಾಕೆ ಅಂತ ಕೇಳಿ. ಫರ್ಟಿಲೈಸ್ ಮಾಡಿದ್ದು ಮಾಮೂಲಿ ಐವಿಎಫ್‌ನಲ್ಲೋ ಇಕ್ಸಿಯಲ್ಲೋ (ಎಗ್ ಒಳಗೆ ಒಂದೇ ವೀರ್ಯಾಣು ಚುಚ್ಚೋದು) ಅಂತ ನೀವು ಬರೆದಿಲ್ಲ, ಶೀಟ್‌ನ ಮೇಲ್ಗಡೆ ಇರುತ್ತೆ ನೋಡಿ. ಆ ಎರಡು ಎಂಬ್ರಿಯೊಗಳಲ್ಲಿ ಯಾವುದು ಫ್ರೆಶ್ ಹಾಕಿದ್ದು, ಯಾವುದು ಫ್ರೀಜ್ ಮಾಡಿದ್ದು ಅನ್ನೋದನ್ನೂ ತಿಳಿಸಿ, ಸಂಜೆ ಡ್ಯೂಟಿ ಮುಗಿಸಿ ಬಂದು ಬರೀತೀನಿ.